ನಾಡಿದ್ದು ಅಮೆರಿಕದಲ್ಲಿರಬೇಕು ಅಂದರೆ: ದಿಢೀರ್ ಆಫೀಸ್ ಪ್ರಯಾಣಕ್ಕೊಂದು ಕೈಪಿಡಿ

"ಗುರುವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೀಟಿಂಗ್, ನೀವೇ ಹೋಗಬೇಕು" ಅಂತ ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಹೇಳುತ್ತಾರೆ. ಈಗ ಮೊದಲು ಏನು ಮಾಡಬೇಕು? ಓದುಗರು ಒಂದಲ್ಲ ಒಂದು ರೂಪದಲ್ಲಿ ಇದನ್ನು ಕೇಳುತ್ತಲೇ ಇರುತ್ತಾರೆ. ಸಾಫ್ಟ್‌ವೇರ್‌ನವರು, ಮೆಷಿನ್ ಕೂರಿಸಲು ಹೋಗುವವರು, ಗಾರ್ಮೆಂಟ್ಸ್ ಸ್ಯಾಂಪಲ್ ಹಿಡಿದು ಹೊರಡುವವರು, ಎಲ್ಲರದ್ದೂ ಇದೇ ಪಾಡು. ಹಾಗಾಗಿ ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು.

ಉದಾಹರಣೆಗೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಾಲ್ಕೈದು ದಿನದ ಕೆಲಸದ ಪ್ರಯಾಣವನ್ನೇ ಇಟ್ಟುಕೊಂಡಿದ್ದೇನೆ. ಬಾಗಿಲಿಂದ ಬಾಗಿಲಿಗೆ ಇಪ್ಪತ್ತೈದು ಮೂವತ್ತು ಗಂಟೆ, ಗಡಿಯಾರ ಪೂರ್ತಿ ತಲೆಕೆಳಗು. ಇದನ್ನು ಸುಧಾರಿಸಿದವರಿಗೆ ಲಂಡನ್, ಫ್ರಾಂಕ್‌ಫರ್ಟ್ ಕಷ್ಟವೇ ಅಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಅಲ್ಲಿ ಇಳಿದ ಮೇಲೆ ದುಡ್ಡು ಕೊಟ್ಟರೂ ಸಿಗದಿರುವುದು ಎರಡೇ: ಸರಿಯಾದ ಕಾಗದಪತ್ರ ಮತ್ತು ನಿದ್ದೆ. ಶರ್ಟು, ಟೂತ್‌ಪೇಸ್ಟು, ಚಾರ್ಜರು ಎಲ್ಲ ಅಲ್ಲಿನ ಅಂಗಡಿಯಲ್ಲೇ ಸಿಗುತ್ತವೆ. ಆದರೆ ನಾವು ಮಾಡೋದು ಉಲ್ಟಾ. ರಾತ್ರಿ ಒಂದು ಗಂಟೆ ತನಕ ಬಟ್ಟೆ ಮಡಚುತ್ತಾ ಕೂರುತ್ತೇವೆ, ಪಾಸ್‌ಪೋರ್ಟನ್ನು ಕೊನೆಗೆ ಹುಡುಕುತ್ತೇವೆ.

ಹಂತ 1: ಒಪ್ಪಿಕೊಳ್ಳುವ ಮೊದಲು ಪಾಸ್‌ಪೋರ್ಟ್ ಬಿಚ್ಚಿ ನೋಡಿ

"ಆಯ್ತು ಸರ್" ಅನ್ನುವ ಮೊದಲು ಅರ್ಧ ಗಂಟೆ ಕೇಳಿ. ಮನೆಗೆ ಫೋನ್ ಮಾಡಿ ಪಾಸ್‌ಪೋರ್ಟ್ ಎಲ್ಲಿದೆ, ಫೋಟೊ ತೆಗೆದು ಕಳಿಸಿ ಅನ್ನಿ. ಬ್ಯಾಂಕ್ ಲಾಕರ್‌ನಲ್ಲಿದ್ದರೆ ಅದು ಗೊತ್ತಾಗಬೇಕಾದದ್ದು ಈಗಲೇ, ಬ್ಯಾಂಕ್ ಬಾಗಿಲು ಹಾಕಿದ ಮೇಲಲ್ಲ. ನೋಡಬೇಕಾದವು ಇವು:

ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳಾದರೂ ಇರಬೇಕು. ಎಲ್ಲ ದೇಶಗಳೂ ಇಷ್ಟೇ ಕೇಳುವುದಿಲ್ಲ, ಆದರೆ ಚೆಕ್-ಇನ್ ಕೌಂಟರಿನಲ್ಲಿ ವಾದ ಮಾಡುವ ಪರಿಸ್ಥಿತಿ ಬೇಡ. ಅವಧಿ ಮುಗಿದಿದ್ದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತತ್ಕಾಲ್ ದಾರಿ ಇದೆ. ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿಯಲ್ಲಿ ಕೇಂದ್ರಗಳಿವೆ. ಆದರೂ ಎರಡು ದಿನದಲ್ಲಿ ಕೈಗೆ ಬಂದೇ ಬರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.

ವೀಸಾ ಚಾಲ್ತಿಯಲ್ಲಿದೆಯಾ? ಅಮೆರಿಕದ ಹೊಸ ವೀಸಾ ಎರಡು ದಿನದಲ್ಲಿ ಆಗುವ ಕೆಲಸವಲ್ಲ. ಸಂದರ್ಶನದ ದಿನಾಂಕ ಸಿಗುವುದೇ ದೊಡ್ಡ ಕಥೆ. ಯುರೋಪಿನ ಷೆಂಗೆನ್ ವೀಸಾಗೆ, ಅಂದರೆ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾಗೆ, ಅರ್ಜಿ ತೀರ್ಮಾನಿಸಲು ನಿಯಮದಲ್ಲೇ 15 ದಿನ ಕೊಟ್ಟಿದ್ದಾರೆ. ವೀಸಾ ಇಲ್ಲ ಅಂದರೆ ಈ ಪ್ರಯಾಣ ಇಲ್ಲ. ನೇರವಾಗಿ ಹೇಳಿಬಿಡಿ, ವೀಸಾ ಇರುವ ಬೇರೆಯವರು ಹೋಗಲಿ.

ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದೆಯಾ? ಅಮೆರಿಕದ ವೀಸಾಗೆ ಪಾಸ್‌ಪೋರ್ಟ್‌ಗಿಂತ ಜಾಸ್ತಿ ಆಯಸ್ಸು ಇರುವುದುಂಟು. ಆಗ ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಒಯ್ಯಬೇಕು. ಹಳೆಯದು ಬೀರುವಿನಲ್ಲೇ ಉಳಿದು, ಏರ್‌ಪೋರ್ಟಿನಿಂದ ಮನೆಗೆ ಫೋನ್ ಬರುವುದು ಬಹಳ ಕಾಮನ್.

ಇನ್ನೊಂದು, ಇದು ನಮ್ಮವರಿಗೇ ಹೆಚ್ಚು ಕಾಡುವುದು: ಹೆಸರು. ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು. ಆಫೀಸಿನಲ್ಲಿ ‘ಮಂಜುನಾಥ್ ಕೆ.ಎಸ್.’, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಕೆಲವರಿಗೆ ಸರ್‌ನೇಮೇ ಇಲ್ಲ. ಒಂದೇ ಹೆಸರಿದ್ದವರ ಅಮೆರಿಕ ವೀಸಾದಲ್ಲಿ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಇರುತ್ತದೆ, ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಅರ್ಥ. ಟ್ರಾವೆಲ್ ಡೆಸ್ಕ್‌ನವರು ಆಫೀಸಿನ ದಾಖಲೆ ನೋಡಿ ಟಿಕೆಟ್ ಮಾಡಿಬಿಡುತ್ತಾರೆ. ಅದಕ್ಕೆ ಮುಂಚೆಯೇ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಫೋಟೊ ಕಳಿಸಿ, "ಇದರಲ್ಲಿ ಇರುವ ಹಾಗೇ ಟೈಪ್ ಮಾಡಿ" ಅಂತ ಬರೆಯಿರಿ. ಟಿಕೆಟ್ ಬಂದ ಕೂಡಲೇ ಅಕ್ಷರ ಅಕ್ಷರ ತಾಳೆ ನೋಡಿ.

ಕೊನೆಯದು ಕೆಲಸದ ಸ್ವರೂಪ. ಬಿ1 ಅನ್ನುವುದು ವ್ಯವಹಾರದ ಭೇಟಿಯ ವೀಸಾ. ಮೀಟಿಂಗ್, ಮಾತುಕತೆ, ಸಮ್ಮೇಳನ, ಒಪ್ಪಂದದ ಚರ್ಚೆಗೆ ಅದು ಸಾಕು. ಅಲ್ಲಿ ಕೂತು ಕ್ಲೈಂಟ್‌ನ ದಿನನಿತ್ಯದ ಕೆಲಸ ಮಾಡಿಕೊಡುವುದಕ್ಕೆ ಅಲ್ಲ. ನಿಮ್ಮನ್ನು ಕಳಿಸುತ್ತಿರುವುದು ಯಾವುದಕ್ಕೆ ಅಂತ ಅನುಮಾನವಿದ್ದರೆ ಕಂಪನಿಯ ಇಮಿಗ್ರೇಷನ್ ತಂಡವನ್ನು ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಲ್ಲ, ಇಮೇಲ್‌ನಲ್ಲೇ. ನಾಳೆ ಅಧಿಕಾರಿಯ ಎದುರು ನಿಲ್ಲುವುದು ಮ್ಯಾನೇಜರ್ ಅಲ್ಲ, ನೀವು.

ಹಂತ 2: ಟಿಕೆಟ್, ಅದರಲ್ಲೂ ದಾರಿ

ಕೊನೇ ಗಳಿಗೆಯಲ್ಲಿ ಅಗ್ಗದ ಟಿಕೆಟ್ ಹುಡುಕಿ ಪ್ರಯೋಜನವಿಲ್ಲ. ಹುಡುಕಬೇಕಾದ್ದು ಸರಿಯಾದ ದಾರಿ.

ಮೊದಲ ನಿಯಮ: ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ, ಅಂದರೆ ಒಂದೇ ಬುಕಿಂಗ್ ನಂಬರ್. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಒಂದೇ ಬುಕಿಂಗ್ ಆಗಿದ್ದರೆ ಏರ್‌ಲೈನಿನವರೇ ಬೇರೆ ವಿಮಾನಕ್ಕೆ ಹಾಕುತ್ತಾರೆ. ಎರಡು ಬೇರೆ ಟಿಕೆಟ್ ಆದರೆ ಸಾಮಾನ್ಯವಾಗಿ ಮಧ್ಯದ ಊರಿನಲ್ಲಿ ಹೊರಗೆ ಬಂದು, ಲಗೇಜ್ ತೆಗೆದುಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಹೊರಗೆ ಬರಬೇಕು ಅಂದರೆ ಆ ದೇಶದ ಅನುಮತಿ ಬೇಕು. ಹತ್ತು ಸಾವಿರ ಉಳಿಸಲು ಹೋಗಿ ಬೆಂಗಳೂರಿನಲ್ಲೇ ಬೋರ್ಡಿಂಗ್ ಪಾಸ್ ನಿರಾಕರಿಸಿಕೊಂಡವರಿದ್ದಾರೆ.

ಎರಡನೆಯದು ಟ್ರಾನ್ಸಿಟ್ ವೀಸಾ, ಅಂದರೆ ಮಧ್ಯದ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸಲು ಬೇಕಾಗುವ ವೀಸಾ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದು ಅಮೆರಿಕಕ್ಕೇ ಹೋಗುತ್ತಿದ್ದರೆ ಬಹುತೇಕ ಕಡೆ ವಿನಾಯಿತಿ ಸಿಗುತ್ತದೆ. ಆದರೆ ಒಂದು ಗುಂಡಿ ಇದೆ. ಬೆಂಗಳೂರು, ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮೇಲೆ ಅಮೆರಿಕ ಅಂತ ಯುರೋಪಿನಲ್ಲಿ ಎರಡು ನಿಲುಗಡೆ ಇದ್ದರೆ, ಫ್ರಾಂಕ್‌ಫರ್ಟ್‌ನಿಂದ ಪ್ಯಾರಿಸ್‌ಗೆ ಹೋಗುವುದು ಷೆಂಗೆನ್ ಒಳಗಿನ ಓಡಾಟ. ಅದಕ್ಕೆ ಷೆಂಗೆನ್ ವೀಸಾನೇ ಬೇಕು. ಕೊನೇ ಗಳಿಗೆಯಲ್ಲಿ ಉಳಿದಿರುವ ಸೀಟುಗಳು ಇಂಥ ವಿಚಿತ್ರ ದಾರಿಗಳಲ್ಲೇ ಇರುತ್ತವೆ, ಹುಷಾರು.

ಮೂರನೆಯದು ನಿದ್ದೆಯ ಲೆಕ್ಕ. ಇದನ್ನು ಯಾರೂ ನೋಡುವುದಿಲ್ಲ, ನನ್ನ ಪ್ರಕಾರ ಇದೇ ಮುಖ್ಯ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಪ್ರಯಾಣ ಸುಮಾರು 10 ಗಂಟೆ, ಆಮೇಲೆ 11 ಗಂಟೆ ಅಂತ ಎರಡು ಸಮ ಭಾಗ. ದುಬೈ ದಾರಿಯಲ್ಲಿ ಸುಮಾರು 4 ಗಂಟೆ, ಆಮೇಲೆ 16 ಗಂಟೆ. ಹದಿನಾರು ಗಂಟೆ ಅಂದ ಕೂಡಲೇ ಜನ ಹೆದರುತ್ತಾರೆ. ಆದರೆ ಬೆಳಿಗ್ಗೆ ದುಬೈ ಬಿಡುವ ವಿಮಾನ ಹತ್ತಿದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಂದಿನ ದಿನದ ರಾತ್ರಿ. ಹತ್ತಿದ ಕೂಡಲೇ ಮಲಗಿದರೆ ಅಲ್ಲಿನ ಜನರ ಜೊತೆಗೇ ಮಲಗಿದ ಹಾಗೆ, ಎದ್ದಾಗ ಅಲ್ಲಿಗೂ ಬೆಳಗು. ಬೆಂಗಳೂರಿನಲ್ಲಿ ನಡುರಾತ್ರಿ ಹತ್ತಿದ ಕೂಡಲೇ ನಿದ್ದೆ ಹೋಗುವ ಪುಣ್ಯವಂತರಿಗೆ ಫ್ರಾಂಕ್‌ಫರ್ಟ್ ಸರಿ. ಮಿಕ್ಕವರಿಗೆ ಒಂದು ಚಿಕ್ಕ, ಒಂದು ಉದ್ದ ಇರುವ ದಾರಿಯೇ ವಾಸಿ.

ವಿಮಾನ ಬದಲಿಸಲು ಎರಡೂವರೆಯಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಐವತ್ತು ನಿಮಿಷದ ಬದಲಾವಣೆ ಕಾಗದದ ಮೇಲೆ ಚೆಂದ, ಅಷ್ಟೇ.

ದಿನಾಂಕ ಎರಡು ಸಲ ಓದಿ. ನಮ್ಮ ದೂರದ ವಿಮಾನಗಳಲ್ಲಿ ತುಂಬಾ ಹೊರಡುವುದು ನಡುರಾತ್ರಿ ಮೇಲೆ. ಟಿಕೆಟ್‌ನಲ್ಲಿ ‘12ನೇ ತಾರೀಕು, 02:40’ ಅಂತ ಇದ್ದರೆ ನೀವು ಮನೆ ಬಿಡಬೇಕಾದದ್ದು 11ರ ರಾತ್ರಿ. 12ರ ರಾತ್ರಿ ಊಟ ಮುಗಿಸಿ ಏರ್‌ಪೋರ್ಟಿಗೆ ಹೋದರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನ ಆಗಿರುತ್ತದೆ.

ಸೀಟು, ಊಟ ಕೂಡ ಈಗಲೇ ಹೇಳಿ. ಸೀಟು ನಡುದಾರಿಯ ಪಕ್ಕದ್ದಿರಲಿ, ಏಳಲು ಯಾರನ್ನೂ ಎಬ್ಬಿಸಬೇಕಿಲ್ಲ. ವಿಶೇಷ ಊಟವನ್ನು ಬಹಳ ಏರ್‌ಲೈನ್‌ಗಳು 24 ಗಂಟೆ ಮೊದಲೇ ಕೇಳುತ್ತವೆ. ನಮ್ಮ ಕಡೆಯ ಸಸ್ಯಾಹಾರ ಬೇಕಿದ್ದರೆ ‘ಎವಿಎಂಎಲ್’ ಅನ್ನುವ ಕೋಡ್ ಹೇಳಿ. ‘ವಿಜಿಎಂಎಲ್’ ಅಂತ ಒತ್ತಿದರೆ ಅದು ವೀಗನ್ ಊಟ, ಹಾಲಿನ ಪದಾರ್ಥವೂ ಇರುವುದಿಲ್ಲ. ಪಕ್ಕದವರ ತಟ್ಟೆಯಲ್ಲಿ ಪಲಾವ್, ಪನೀರ್, ಮೊಸರು. ನಿಮ್ಮ ತಟ್ಟೆಯಲ್ಲಿ ಬೇಯಿಸಿದ ಬೀನ್ಸು, ಎರಡು ಹೋಳು ಕಲ್ಲಂಗಡಿ.

ಹಂತ 3: ದುಡ್ಡು ಮತ್ತು ಫೋನ್

ಕಾರ್ಡ್ ಇದ್ದರೆ ಸಾಲದು. ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ಗೆ ಹೋಗಿ ನಾವೇ ಆನ್ ಮಾಡಿಕೊಳ್ಳಬೇಕು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಮಿತಿಯನ್ನೂ ಅಲ್ಲೇ ಏರಿಸಿ. ಮನೆಯಿಂದಲೇ ಮಾಡಿ, ಯಾಕಂದರೆ ಅದಕ್ಕೆ ಒಟಿಪಿ ಬೇಕು.

ಒಂದು ಕ್ರೆಡಿಟ್ ಕಾರ್ಡ್, ಒಂದು ಫಾರೆಕ್ಸ್ ಕಾರ್ಡ್ ಇರಲಿ. ಫಾರೆಕ್ಸ್ ಕಾರ್ಡ್ ಅಂದರೆ ಡಾಲರ್ ತುಂಬಿಟ್ಟ ಪ್ರೀಪೇಯ್ಡ್ ಕಾರ್ಡ್. ಹೋಟೆಲಿನಲ್ಲಿ ಮಾತ್ರ ಕ್ರೆಡಿಟ್ ಕಾರ್ಡನ್ನೇ ಕೊಡಿ. ಅಮೆರಿಕದ ಹೋಟೆಲಿನವರು ಚೆಕ್-ಇನ್ ಮಾಡುವಾಗ ಬಾಡಿಗೆಯ ಮೇಲೆ ಇನ್ನೊಂದಿಷ್ಟು ಡಾಲರನ್ನು ಠೇವಣಿ ಅಂತ ತಡೆಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ಊಟದ ದುಡ್ಡೇ ಅಲ್ಲಿ ಸಿಕ್ಕಿಕೊಳ್ಳುತ್ತದೆ. ರೂಮು ಬಿಟ್ಟ ಮೇಲೂ ಅದು ವಾಪಸ್ ಕಾಣಿಸಲು ದಿನಗಟ್ಟಲೆ ಹಿಡಿಯಬಹುದು. ನಗದು ನೂರಿನ್ನೂರು ಡಾಲರ್ ಸಾಕು, ಅದರಲ್ಲಿ ಒಂದು, ಐದರ ಚಿಲ್ಲರೆ ನೋಟು ಇರಲಿ.

ಅಂಗಡಿಯ ಮೆಷಿನ್ "ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರ್‌ನಲ್ಲಾ" ಅಂತ ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ಅದು ಯಾವತ್ತೂ ನಮಗೆ ಲಾಭವಲ್ಲ.

ಫೋನಿಗೆ ಬರೋಣ. ಊರಿನ ಸಿಮ್ ತೆಗೆದಿಟ್ಟರೆ ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲ ಅಂದರೆ ಬ್ಯಾಂಕೂ ಇಲ್ಲ, ಎಷ್ಟೋ ಸಲ ಆಫೀಸ್ ಲಾಗಿನ್ನೂ ಇಲ್ಲ. ಅದನ್ನು ಫೋನಿನಲ್ಲೇ ಬಿಟ್ಟು, ರೋಮಿಂಗ್ ಪ್ಯಾಕ್ ಹಾಕಿಸಿ. ಇಲ್ಲವೇ ಡೇಟಾಗೆ ಬೇರೆ ಇ-ಸಿಮ್ ತಗೊಂಡು, ಊರಿನ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಇ-ಸಿಮ್ ಅಂದರೆ ಕಾರ್ಡೇ ಇಲ್ಲದೆ ಫೋನಿನೊಳಗೆ ಇಳಿಸಿಕೊಳ್ಳುವ ಸಿಮ್. ಅದನ್ನೂ ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ.

ಟಿಕೆಟ್, ಹೋಟೆಲ್ ವಿಳಾಸ, ಆಹ್ವಾನ ಪತ್ರ, ವಿಮೆ, ಅಲ್ಲಿನ ಒಬ್ಬರ ಫೋನ್ ನಂಬರ್, ಇವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಹಳೇ ಕಾಲದ ಪದ್ಧತಿ ಅನ್ನಿಸಬಹುದು. ಇಪ್ಪತ್ತು ಗಂಟೆ ಆದ ಮೇಲೆ ಫೋನಿನ ಬ್ಯಾಟರಿ ಕೆಂಪಾದಾಗ ಅದೇ ಕೈಹಿಡಿಯುವುದು.

ಹಂತ 4: ಬ್ಯಾಗ್ ತುಂಬುವುದು, ಒಂದು ಗಂಟೆಯಲ್ಲಿ

ನಾಲ್ಕೈದು ದಿನಕ್ಕಾದರೆ ಕೈಚೀಲದ ಸೂಟ್‌ಕೇಸ್ ಒಂದೇ ಸಾಕು. ಲಗೇಜ್ ಬಂತಾ ಬಂತಾ ಅಂತ ಬೆಲ್ಟಿನ ಮುಂದೆ ಕಾಯಬೇಕಿಲ್ಲ. ಕಳುಹಿಸಲೇಬೇಕಿದ್ದರೆ ಮೀಟಿಂಗ್‌ನ ಒಂದು ಜೊತೆ ಬಟ್ಟೆ, ಲ್ಯಾಪ್‌ಟಾಪ್, ಔಷಧಿ, ಎಲ್ಲ ಕಾಗದ ಕೈಚೀಲದಲ್ಲೇ ಇರಲಿ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ, ಕೆಳಗೆ ಕಳುಹಿಸುವ ಲಗೇಜ್‌ನಲ್ಲಿ ಹಾಕಬಾರದು. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ, ತೊಂದರೆ ಇಲ್ಲ. ವಿಮಾನದೊಳಗೆ ಅದನ್ನು ಬಳಸುವಂತಿಲ್ಲ ಅಂತ ಹಲವು ಏರ್‌ಲೈನ್‌ಗಳು ಈಗ ನಿಯಮ ಮಾಡಿವೆ. ಅಮೆರಿಕದ ಕರೆಂಟ್ 120 ವೋಲ್ಟ್. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗೆ ಎರಡು ಚಪ್ಪಟೆ ಕಡ್ಡಿಯ ಪಿನ್ ಅಡಾಪ್ಟರ್ ಸಾಕು. ನಮ್ಮ ಕೆಟಲ್, ಇಸ್ತ್ರಿಪೆಟ್ಟಿಗೆ ಅಲ್ಲಿ ಸರಿಯಾಗಿ ಕಾಯುವುದಿಲ್ಲ, ಒಯ್ಯಬೇಡಿ.

ತಿಂಡಿಯ ವಿಷಯದಲ್ಲಿ ಅಮ್ಮಂದಿರ ಜೊತೆ ಸ್ವಲ್ಪ ಜಗಳ ಆಗುತ್ತದೆ, ಆಗಲಿ. ಒಣ ಕೊಬ್ಬರಿ ಬೇಡವೇ ಬೇಡ. ಅದರ ಎಣ್ಣೆಯಂಶಕ್ಕೆ ತಾನಾಗಿ ಕಾವೇರಿ ಬೆಂಕಿ ಹತ್ತುವ ಗುಣವಿರುವುದರಿಂದ ವಿಮಾನದವರ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಕರಿಬೇವಿನ ಎಲೆ, ಹಣ್ಣು, ತರಕಾರಿ ಅಮೆರಿಕದ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತವೆ. ದುಬೈ, ಅಬುಧಾಬಿ ಮೇಲೆ ಹೋಗುವವರು ಗಸಗಸೆ ಹಾಕಿದ ಯಾವುದನ್ನೂ ಒಯ್ಯಬೇಡಿ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ನಿಷೇಧಿತ ವಸ್ತು. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ತುಪ್ಪ ಭದ್ರತಾ ತಪಾಸಣೆಯಲ್ಲಿ ದ್ರವದ ಲೆಕ್ಕಕ್ಕೇ ಬರುತ್ತವೆ, ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಡಬ್ಬಿ ಬಿಡುವುದಿಲ್ಲ. ಚಟ್ನಿಪುಡಿ ಒಯ್ಯಬಹುದು. ಆದರೆ ಅಮೆರಿಕದ ವಿಮಾನದಲ್ಲಿ 350 ಮಿಲಿಗಿಂತ ದೊಡ್ಡ ಡಬ್ಬಿಯ ಪುಡಿ ಕೈಚೀಲದಲ್ಲಿದ್ದರೆ ಬಿಚ್ಚಿ ನೋಡುತ್ತಾರೆ, ತೆಗೆಸಿಯೂ ಬಿಡಬಹುದು. ಚಿಕ್ಕ ಪೊಟ್ಟಣ ಮಾಡಿ. ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಚಟ್ನಿಪುಡಿ, ಖಾಖ್ರಾ, ಇಷ್ಟಿದ್ದರೆ ರಾತ್ರಿ ಮೂರಕ್ಕೆ ಹಸಿವಾದಾಗ ಸಾಕು. ಕರಿಬೇವನ್ನು ಮಾತ್ರ ಒಗ್ಗರಣೆಯಿಂದ ಬಿಟ್ಟುಬಿಡಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಸನ್ನಿವೇಲ್, ಫ್ರೀಮಾಂಟ್ ಕಡೆ ಇರುವುದಾದರೆ ದೋಸೆ, ಇಡ್ಲಿಗೆ ಅಲ್ಲೇ ಬರವಿಲ್ಲ.

ಔಷಧಿ ಇನ್ನೂ ಒಂದು ವಾರಕ್ಕೆ ಜಾಸ್ತಿ ಇರಲಿ, ಚೀಟಿಯ ಸಮೇತ. ಇನ್ಸುಲಿನ್ ತಗೊಳ್ಳುವವರು ಅದನ್ನು ಕೆಳಗಿನ ಲಗೇಜ್‌ಗೆ ಹಾಕಲೇಬಾರದು, ಚಳಿಗೆ ಹೆಪ್ಪುಗಟ್ಟಿ ಕೆಟ್ಟುಹೋಗಬಹುದು. ಹೊತ್ತು ಅದಲುಬದಲಾದಾಗ ಡೋಸ್ ಯಾವಾಗ ಅಂತ ಹೊರಡುವ ಮೊದಲು ಡಾಕ್ಟರಿಗೊಂದು ಫೋನ್ ಮಾಡಿ.

ಒಂದು ಸ್ವೆಟರ್ ಹಾಕಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜುಲೈನಲ್ಲೂ ಸಮುದ್ರದ ಮಂಜು ಬಂದು ನಡುಗಿಸುತ್ತದೆ.

ಮೆಷಿನ್ ಭಾಗ, ಡೆಮೊ ಸಾಮಾನು ಒಯ್ಯುವವರಿಗೆ ಮಾತ್ರ ಒಂದು ಮಾತು. ಬೆಲೆಬಾಳುವ ಸಾಮಾನನ್ನು ಸುಂಕ ಕಟ್ಟದೆ ಒಯ್ದು ವಾಪಸ್ ತರಲು ‘ಎಟಿಎ ಕಾರ್ನೆಟ್’ ಅನ್ನುವ ದಾಖಲೆ ಬೇಕು. ಭಾರತದಲ್ಲಿ ಅದನ್ನು ಫಿಕ್ಕಿ ಸಂಸ್ಥೆ ಕೊಡುತ್ತದೆ. ಎರಡು ದಿನದಲ್ಲಿ ಆಗುವ ಭರವಸೆ ಇಲ್ಲದಿದ್ದರೆ ಕಂಪನಿಯಿಂದಲೇ ಕೊರಿಯರ್ ಮಾಡಿಸಿ, ನೀವು ಕೈಬೀಸಿಕೊಂಡು ಹೋಗಿ.

ಹಂತ 5: ಮನೆ ಮತ್ತು ಆಫೀಸ್

ಆ ವಾರ ಕಟ್ಟಬೇಕಾದ ಬಿಲ್, ಇಎಂಐ, ಮಕ್ಕಳ ವ್ಯಾನು, ಅಪ್ಪನ ಮಾತ್ರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಡ್ಜ್‌ಗೆ ಅಂಟಿಸಿ. ಆಫೀಸಿನಲ್ಲಿ ಕೆಲಸ ಒಬ್ಬರಿಗೆ ವಹಿಸಿ. ‘ವಿಮಾನದಲ್ಲಿ ಕೂತು ಪ್ರೆಸೆಂಟೇಷನ್ ಮುಗಿಸ್ತೀನಿ’ ಅಂತ ಮಾತು ಕೊಡಬೇಡಿ. ಆ ಹೊತ್ತು ನಿದ್ದೆಗೆ ಮೀಸಲು.

ಹೋಟೆಲ್ ಬಗ್ಗೆ ಒಂದು ವಿಷಯ ಟ್ರಾವೆಲ್ ಡೆಸ್ಕ್‌ಗೆ ಈಗಲೇ ಹೇಳಿ. ಅಮೆರಿಕದಲ್ಲಿ ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ನೀವು ಬೆಳಿಗ್ಗೆ ಏಳಕ್ಕೆ ಇಳಿಯುವುದಾದರೆ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿಸಿ. "ಒಂದು ರಾತ್ರಿಯ ದುಡ್ಡು ವೇಸ್ಟ್" ಅಂದರೆ, ಎಂಟು ಗಂಟೆ ಲಾಬಿಯಲ್ಲಿ ಕೂತು ಬಂದವರು ಮೀಟಿಂಗ್‌ನಲ್ಲಿ ಏನು ಮಾತಾಡುತ್ತಾರೆ ಅಂತ ಕೇಳಿ.

ಹಂತ 6: ದೇವನಹಳ್ಳಿಗೆ

ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಕ್ಯಾಬ್‌ನವರಿಗೆ ಅದನ್ನೇ ಹೇಳಿ. ನಡುರಾತ್ರಿ ಕ್ಯಾಬ್ ಸಿಗದಿದ್ದರೆ ಬಿಎಂಟಿಸಿಯ ವಾಯು ವಜ್ರ ಇದೆ, ಮೆಜೆಸ್ಟಿಕ್‌ನಿಂದ ಕೆಐಎ-9. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಬರುತ್ತದೆ.

ಮೂರೂವರೆ ಗಂಟೆ ಮೊದಲು ಅಲ್ಲಿರಿ. ಅಮೆರಿಕದ ಪ್ರಯಾಣಿಕರ ಕಾಗದ ನೋಡಲು ಕೌಂಟರಿನಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಇದೆ ಅಂತ ನೆಮ್ಮದಿಯಾಗಿ ಬರಬೇಡಿ, ಅದು ದೇಶದೊಳಗಿನ ವಿಮಾನಗಳಿಗೆ.

ಮನೆಯಲ್ಲೇ ಊಟ ಮಾಡಿ ಹೊರಡಿ. ಇದು ದುಡ್ಡು ಉಳಿಸಲಿಕ್ಕಲ್ಲ. ಹೊಟ್ಟೆ ತುಂಬಿದ್ದರೆ ವಿಮಾನದಲ್ಲಿ ರಾತ್ರಿ ಮೂರೂವರೆಗೆ ಬರುವ ಊಟ ಬಿಟ್ಟು ಮಲಗಬಹುದು.

ಹಂತ 7: ವಿಮಾನದೊಳಗೆ

ವಿಮಾನ ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟು. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಅಂದರೆ ಇಡೀ ದಿನ ಆ ತುದಿಯಲ್ಲೋ ಅದಕ್ಕಿಂತ ಮೇಲೋ ಕೂತಂತೆ, ಆದರೆ ಅಲ್ಲಿನ ತೇವ ಗಾಳಿ ಇಲ್ಲದೆ. ತೇವಾಂಶ ಶೇ. 10ರಿಂದ 20ರಷ್ಟೇ. ಗಂಟಲು ಒಣಗುವುದು, ಕಣ್ಣು ಉರಿಯುವುದು, ತಲೆ ಭಾರ, ಹೊಟ್ಟೆ ಉಬ್ಬರ, ಎಲ್ಲದರ ಮೂಲ ಇದೇ. ಖಾಲಿ ಬಾಟಲಿ ಒಯ್ದು ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿ. ಬಿಟ್ಟಿ ಸಿಗುತ್ತದೆ ಅಂತ ಕುಡಿಯಬೇಡಿ, ಮದ್ಯ ನಿದ್ದೆ ಬರಿಸಿದರೂ ಆ ನಿದ್ದೆ ಗಟ್ಟಿಯಲ್ಲ.

ನಾಲ್ಕು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಎಚ್ಚರವಿದ್ದಾಗ ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದವರೆಗೆ ನಡೆದು ಬನ್ನಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಹಿಂದೆ ಈ ತೊಂದರೆ ಆಗಿದ್ದವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಈ ಪ್ರಯಾಣ ಒಪ್ಪಿಕೊಳ್ಳಬೇಡಿ. ಬಿಗಿ ಕಾಲುಚೀಲ ಬೇಕೋ ಬೇಡವೋ ಅಂತ ಅವರೇ ಹೇಳುತ್ತಾರೆ.

ನಿದ್ದೆ ಯಾವಾಗ? ದುಬೈ ದಾರಿಯಲ್ಲಿ ಉದ್ದದ ವಿಮಾನದ ಮೊದಲ ಅರ್ಧ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಮೊದಲ ವಿಮಾನ ಪೂರ್ತಿ, ಎರಡನೆಯದರಲ್ಲಿ ಶುರುವಿನ ಎರಡು ಮೂರು ಗಂಟೆ ಮಾತ್ರ. ಇಳಿಯುವ ಹಿಂದಿನ ಐದಾರು ಗಂಟೆ ಎಚ್ಚರವಿರಿ. ಕಣ್ಣುಪಟ್ಟಿ, ಕಿವಿಗೆ ಇಯರ್‌ಪ್ಲಗ್, ಕಂಬಳಿಯ ಮೇಲೆ ಸೀಟ್ ಬೆಲ್ಟ್. ಬೆಲ್ಟ್ ಮೇಲೆ ಕಾಣುತ್ತಿದ್ದರೆ ನಡುವೆ ಎಬ್ಬಿಸುವುದಿಲ್ಲ. ನಿದ್ದೆ ಮಾತ್ರೆಯ ಮೊದಲ ಪ್ರಯೋಗ ವಿಮಾನದಲ್ಲಿ ಬೇಡ.

ಹಂತ 8: ಇಮಿಗ್ರೇಷನ್ ಕಿಟಕಿ

ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್. ನೀವು ಷಿಕಾಗೋದಲ್ಲಿ ಇಳಿದು ಮುಂದೆ ಹೋಗುವವರಾದರೆ ಲಗೇಜನ್ನು ಷಿಕಾಗೋದಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. "ಕೊನೆಯ ಊರಿಗೆ ಟ್ಯಾಗ್ ಹಾಕಿದ್ದಾರೆ" ಅಂತ ನೇರ ನಡೆದು ಹೋದವರ ಸೂಟ್‌ಕೇಸ್ ಅಲ್ಲೇ ಉಳಿಯುತ್ತದೆ. ಅಬುಧಾಬಿ ಮೇಲೆ ಬರುವವರಿಗೆ ಒಂದು ಅನುಕೂಲ: ಅಲ್ಲಿಯೇ ಅಮೆರಿಕದ ಇಮಿಗ್ರೇಷನ್ ಮುಗಿಸುವ ವ್ಯವಸ್ಥೆ ಇದೆ. ಅದಕ್ಕೆ ತಕ್ಕಷ್ಟು ಸಮಯ ಮಾತ್ರ ಇಟ್ಟುಕೊಳ್ಳಿ.

ಕಿಟಕಿಯಲ್ಲಿ ಕೇಳುವುದು ನಾಲ್ಕೇ ಪ್ರಶ್ನೆ. ಯಾಕೆ ಬಂದಿರಿ? ಎಷ್ಟು ದಿನ? ಎಲ್ಲಿರುತ್ತೀರಿ? ಸಂಬಳ ಯಾರದ್ದು? ಕೇಳಿದಷ್ಟಕ್ಕೇ ಉತ್ತರ ಕೊಡಿ. "ಇಂಥ ಕಂಪನಿಯ ಜೊತೆ ಮೀಟಿಂಗ್. ಐದು ದಿನ. ಇಂಥ ಹೋಟೆಲ್. ಸಂಬಳ ಭಾರತದ ಕಂಪನಿ ಕೊಡುತ್ತದೆ." ನಾವು ಅಭ್ಯಾಸಬಲದಿಂದ ಆಫೀಸಿನದ್ದೆಲ್ಲವನ್ನೂ ‘ವರ್ಕ್’ ಅಂದುಬಿಡುತ್ತೇವೆ. ಆ ಕಿಟಕಿಯಲ್ಲಿ ಆ ಪದಕ್ಕೆ ಬೇರೆ ತೂಕವಿದೆ. ಮೀಟಿಂಗ್‌ಗೆ ಬಂದಿದ್ದರೆ ಮೀಟಿಂಗ್ ಅನ್ನಿ. ಸುಳ್ಳು ಮಾತ್ರ ಬೇಡ. ತಿಂಡಿ ತಂದಿದ್ದರೆ ತಂದಿದ್ದೇನೆ ಅಂತಲೇ ಹೇಳಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ.

ರೂಮಿಗೆ ಹೋದ ಮೇಲೆ ಐ-94 ದಾಖಲೆಯನ್ನು ಆನ್‌ಲೈನ್‌ನಲ್ಲಿ ನೋಡಿಕೊಳ್ಳಿ. ನೀವು ಎಲ್ಲಿಯವರೆಗೆ ಇರಬಹುದು ಅನ್ನುವುದನ್ನು ಹೇಳುವುದು ಅದು, ವೀಸಾದ ಮೇಲಿನ ತಾರೀಕಲ್ಲ.

ಹಂತ 9: ತಲೆಕೆಳಗಾದ ಗಡಿಯಾರ

ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ. ದೇಹದ ಒಳಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಮಾತ್ರ ಸರಿಯುತ್ತದೆ. ಐದು ದಿನದಲ್ಲಿ ಹೊಂದಿಕೊಳ್ಳಲು ಆಗುವುದೇ ಇಲ್ಲ. ಹಾಗಾಗಿ ಹೊಂದಿಕೊಳ್ಳುವ ಹಟ ಬಿಟ್ಟು, ದಿನದ ಒಳ್ಳೆಯ ಗಂಟೆಗಳನ್ನು ಆರಿಸಿಕೊಳ್ಳಿ.

ಲೆಕ್ಕ ನೋಡಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 9 ಅಂದರೆ ನಿಮ್ಮ ದೇಹಕ್ಕೆ ರಾತ್ರಿ 9:30. ದಣಿವಿದ್ದರೂ ತಲೆ ಓಡುತ್ತದೆ. ಮಧ್ಯಾಹ್ನ 2 ಅಂದರೆ ದೇಹಕ್ಕೆ ನಡುರಾತ್ರಿ 2:30. ಮಧ್ಯಾಹ್ನ 3ರಿಂದ 5 ಅಂದರೆ ಬೆಳಗಿನ ಜಾವದ ಗಾಢ ನಿದ್ದೆಯ ಹೊತ್ತು. ಮೀಟಿಂಗ್ ಸಮಯ ಕೇಳಿದಾಗ "ಬೆಳಿಗ್ಗೆ 8ರಿಂದ 11ರೊಳಗೆ ಇಡಿ" ಅನ್ನಿ. ಬೆಲೆ ಚೌಕಾಸಿ, ಕರಾರಿನ ಮಾತು ಮಧ್ಯಾಹ್ನ ಊಟದ ಮೇಲೆ ಬೇಡವೇ ಬೇಡ. ಆ ಹೊತ್ತಿನಲ್ಲಿ ಯಾವುದಕ್ಕೂ ಹೂಂ ಅನ್ನುವ ಸ್ಥಿತಿಯಲ್ಲಿರುತ್ತೀರಿ. ಇಳಿದ ದಿನವೇ ಮೀಟಿಂಗ್ ಇಟ್ಟಿದ್ದರೆ ಮರುದಿನಕ್ಕೆ ಹಾಕಿಸಿ, ಈ ಒಂದು ವಿಷಯದಲ್ಲಿ ಸಂಕೋಚ ಬೇಡ.

ಮಧ್ಯಾಹ್ನ ಇಳಿದರೆ ಸ್ನಾನ ಮಾಡಿ ಬಿಸಿಲಿಗೆ ಹೊರಗೆ ಹೋಗಿ, ನಡೆಯಿರಿ. ಹಾಸಿಗೆಯ ಮೇಲೆ "ಐದೇ ನಿಮಿಷ" ಅಂತ ಒರಗಿದರೆ ಕತೆ ಮುಗಿಯಿತು. ರಾತ್ರಿ ಒಂಬತ್ತರ ತನಕ ಎಳೆದು ಆಮೇಲೆ ಮಲಗಿ. ತೀರಾ ಆಗದಿದ್ದರೆ ಅಲಾರಂ ಇಟ್ಟು 20 ನಿಮಿಷ, ಕುರ್ಚಿಯಲ್ಲೇ. ರಾತ್ರಿ ಎರಡು ಮೂರಕ್ಕೆ ಎಚ್ಚರವಾಗಿಯೇ ಆಗುತ್ತದೆ. ಆಗ ಫೋನ್ ಹಿಡಿಯಬೇಡಿ. ಊರಿನಲ್ಲಿ ಹಗಲು, ವಾಟ್ಸ್‌ಆ್ಯಪ್ ಕುದಿಯುತ್ತಿರುತ್ತದೆ, ಒಂದು ಉತ್ತರ ಕೊಟ್ಟರೆ ಕಾಲ್ ಬರುತ್ತದೆ. ಅವಲಕ್ಕಿ ತಿಂದು, ದೀಪ ಆರಿಸಿ, ಸುಮ್ನೆ ಮಲಗಿರಿ. ಕಾಫಿ ಮಧ್ಯಾಹ್ನ ಹನ್ನೆರಡರ ಒಳಗೆ ಮುಗಿಸಿ. ಮೊದಲ ಎರಡು ದಿನ ಕಾರು ಓಡಿಸಬೇಡಿ. ಬಲಗಡೆ ಓಡಿಸುವ ಊರು, ನಿದ್ದೆಗಣ್ಣು, ಎರಡೂ ಸೇರಬಾರದು.

ಹೋಟೆಲಿನಲ್ಲಿ ಬಡಿಸುವವರಿಗೆ ಬಿಲ್ಲಿನ ಶೇ. 18ರಿಂದ 20 ಟಿಪ್ ಕೊಡುವುದು ಅಲ್ಲಿನ ರೂಢಿ. ಕಂಪನಿ ದಿನಭತ್ಯೆ ಲೆಕ್ಕ ಹಾಕುವಾಗ ಇದನ್ನು ಮರೆತಿರುತ್ತದೆ, ನೀವು ನೆನಪಿಸಿ. ಪ್ರತಿ ರಸೀದಿಯ ಫೋಟೊ ಅಲ್ಲೇ ತೆಗೆಯಿರಿ, ಆ ತೆಳು ಕಾಗದದ ಅಕ್ಷರ ಮಾಸಿಹೋಗುತ್ತದೆ.

ಹಂತ 10: ವಾಪಸ್

ಹೋಗುವಾಗ ಹೊರಟ ದಿನವೇ ಇಳಿದಿರಿ. ಬರುವಾಗ ಹಾಗಲ್ಲ. ಶುಕ್ರವಾರ ಸಂಜೆ ಹತ್ತಿದರೆ ಬೆಂಗಳೂರು ಮುಟ್ಟುವುದು ಭಾನುವಾರ ಬೆಳಗಿನ ಜಾವ. ಶನಿವಾರದ ಗೃಹಪ್ರವೇಶಕ್ಕೆ ಬರ್ತೀನಿ ಅಂತ ಯಾರಿಗೂ ಹೇಳಬೇಡಿ. ಸೋಮವಾರ ಮನೆಯಿಂದ ಕೆಲಸ ಮಾಡುತ್ತೇನೆ ಅಂತ ಹೊರಡುವ ಮೊದಲೇ ಬರೆಸಿಕೊಂಡಿರಿ. ಬಂದ ಮೇಲೆ ಕೇಳಿದರೆ ಸಿಗುವುದಿಲ್ಲ.

ಬಂದ ಒಂದು ವಾರದಲ್ಲಿ ಕಾಲು ಒಂದೇ ಕಡೆ ಊದಿಕೊಂಡು ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ, ಸುಸ್ತು ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಿ. ದೂರದ ವಿಮಾನದಲ್ಲಿ ಬಂದೆ ಅಂತ ಡಾಕ್ಟರಿಗೆ ಹೇಳಿ.

ಇಂಥ ಕರೆ ಒಮ್ಮೆ ಬಂದವರಿಗೆ ಮತ್ತೆ ಬರುತ್ತದೆ. ಸುಸ್ತು ಇಳಿದ ಮೇಲೆ ‘ಎಫ್‌ಟಿಐ-ಟಿಟಿಪಿ’ಗೆ ಹೆಸರು ನೋಂದಾಯಿಸಿ. ಭಾರತದ ಇಮಿಗ್ರೇಷನ್‌ನಲ್ಲಿ ಉದ್ದ ಸಾಲು ಬಿಟ್ಟು ಗೇಟಿನ ಮೂಲಕ ಬೇಗ ದಾಟುವ ವ್ಯವಸ್ಥೆ ಅದು, 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ, ಭಾರತೀಯರಿಗೆ ಉಚಿತ. ಅರ್ಜಿ ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಬೆರಳಚ್ಚೂ ಕೊಡಬೇಕು, ಹಾಗಾಗಿ ಹೊರಡುವ ವಾರ ಆಗುವ ಕೆಲಸವಲ್ಲ. ಪಾಸ್‌ಪೋರ್ಟ್ ಅವಧಿ ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಈ ಅರ್ಜಿ ಹಾಕಿ. ಇದರ ಅವಧಿ ಗರಿಷ್ಠ 5 ವರ್ಷ, ಪಾಸ್‌ಪೋರ್ಟ್ ಅದಕ್ಕೂ ಮೊದಲು ಮುಗಿದರೆ ಇದೂ ಅಲ್ಲಿಗೇ ಮುಗಿಯುತ್ತದೆ.